ಹಿಂಪಡೆದ ಬೆಲ್ಲ

ಅಳಿಸುವುದಿಲ್ಲವಂತೆ ಅವರು.
ಪುಟಪುಟದ ಮೇಲೂ ಓರೆಯಾಗಿ
ಕೆಂಪಕ್ಷರ ಹೊಡೆದು ಹಾಗೇ ಇಡುತ್ತಾರೆ,
ಸಕ್ಕರೆ ಕಾರ್ಖಾನೆಯ ಗೇಟಿನಿಂದ ವಾಪಸಾದ ಗಾಡಿಯ
ಮೂಕಿಗೆ ಸುಣ್ಣದ ಗೀಟು ಎಳೆದ ಹಾಗೆ.
ಕೆಂಪಿನ ಅಡಿಯಲ್ಲಿ ನನ್ನ ಹೆಸರು, ಶ್ರೀಕಂಠಪ್ರಸಾದರ ಹೆಸರು,
ಬೆಂಡೆಗಿಡದ ಲೋಳೆಯಿಂದ ಬೆಲ್ಲಕ್ಕೆ ಬಂದ
ಹೊನ್ನಿನ ಬಣ್ಣದ ಕಥೆ.
ಇನ್ನೂ ಓದಲು ಬರುತ್ತದೆ.

ಬಣ್ಣ ಬಂದಿತ್ತು. ಅದು ಸುಳ್ಳಲ್ಲ.
ಕೆರಗೋಡಿನ ದಾರಿಯ ಆಲೆಮನೆಗೆ
ಮಾಗಿಯ ಹನ್ನೊಂದು ಬೆಳಗು
ಮಂಡ್ಯದಿಂದ ಆರೂಕಾಲರ ಬಸ್ಸು ಹಿಡಿದು,
ಮಡಿಲಲ್ಲಿ ಗಾಜಿನ ಸೀಸೆ, ಚೀಲದಲ್ಲಿ ಜಜ್ಜಿದ ಬೆಂಡೆದಂಟು,
ಕೊಪ್ಪರಿಗೆಯ ಅಂಚಿನಲ್ಲಿ ಗಡಿಯಾರ ಹಿಡಿದು
ಮಡ್ಡಿ ಏಳುವುದನ್ನೇ ಕಾದವಳು ನಾನು.
ಮೊದಲ ನಾಲ್ಕು ಪಾಕ
ಎಮ್ಮೆಕೊಂಬಿನ ಕಪ್ಪು.
ಐದನೆಯದು,
ಚಿನಿವಾರರ ಬೀದಿಯಲ್ಲಿ ತಂದಿಟ್ಟರೂ ನಾಚದಷ್ಟು ಹಳದಿ.
"ಈಗ ಬಂತು ನೋಡವ್ವ" ಅಂದ ಹೊಂಬಾಳಣ್ಣ.
ನಾನು ಕುಣಿಯಲಿಲ್ಲ, ಅಷ್ಟೆ.

ಹೆಸರಿಲ್ಲದ ಮೂವರು ಪರಿಶೀಲಕರು ಓದಿದರು.
ಒಬ್ಬರು ಅಲ್ಪವಿರಾಮ ತಿದ್ದಿದರು.
ಒಬ್ಬರು, ಯಾರದೋ ಐದು ಲೇಖನ ಉಲ್ಲೇಖಿಸಿ ಎಂದರು
(ಅವರದೇ ಇರಬೇಕು).
ಮೂರನೆಯವರು ಕಬ್ಬು ನೆಟ್ಟ ತಿಂಗಳು ಕೇಳಿದರು.
ಕೊಪ್ಪರಿಗೆಯ ಬಳಿ ಇನ್ಯಾರಿದ್ದರೆಂದು
ಯಾರೂ ಕೇಳಲಿಲ್ಲ, ನಾನೂ ಬರೆದಿರಲಿಲ್ಲ.
'ಸಾಮಗ್ರಿ ಮತ್ತು ವಿಧಾನ'ದ ಕೆಳಗೆ
ಕಬ್ಬಿನ ತಳಿಯಿತ್ತು, ಒಲೆಯ ಉರಿಯಿತ್ತು,
ಹೊಂಬಾಳಣ್ಣ ಇರಲಿಲ್ಲ.

ಆರು ವರ್ಷ. ಮೂವತ್ತೊಂದು ಉಲ್ಲೇಖ. ಒಂದು ಬಡ್ತಿ.
ಆಮೇಲೆ ನನ್ನ ವಿದ್ಯಾರ್ಥಿನಿ ಮೇಘಶ್ರೀ ಲ್ಯಾಬಿನಲ್ಲಿ
ಅದೇ ಅಳತೆಗೆ ಏಳು ಸಲ ಕುದಿಸಿದಳು.
ಏಳು ಸಲವೂ ಕಪ್ಪು.
"ಪಾತ್ರೆ ತೊಳೆಯೋದನ್ನಾದರೂ ಕಲಿ" ಎಂದು
ಎಲ್ಲರೆದುರು ಗದರಿದೆ.
ಅದನ್ನು ಯಾವ ಪತ್ರಿಕೆಯಲ್ಲಿ ಹಿಂಪಡೆಯಲಿ?

ಗಾಣ ನಿಂತಿತ್ತು ನಾನು ಹೋದಾಗ.
ರಚ್ಚಿನ ಗುಡ್ಡೆಗೆ ಒರಗಿದ್ದ ಹೊಂಬಾಳಣ್ಣ
ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಮೊದಲು ನಕ್ಕ, ಆಮೇಲೆ ನಗಲಿಲ್ಲ.
"ನಿಮ್ ಲೋಳೆಗೆ ಬಣ್ಣ ಬರ್ನಿಲ್ಲ ಕನವ್ವ.
ಆ ಚಳೀಲಿ ಅಷ್ಟೊತ್ಗೇ ಬತ್ತಿದ್ರಿ,
ಪಾಕ ಕರ್ರಗಾದ್ರೆ ನಿಮ್ ಮೊಕ ನೋಡಕಾಯ್ತಿರ್ನಿಲ್ಲ.
ನೀವು ಬುಕ್ಕಲ್ಲಿ ಬರ್ಕೊಳೋ ವೊತ್ಗೆ
ಒಂದ್ ಚಿಟ್ಕೆ ಹೈಡ್ರೋಸ್ ಉದುರಿಸ್ದೆ.
ಬೆಲ್ಲ ತಾನೆ, ಅಂದ್ಕಂಡೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,
ಅಜ್ಜಿ ಅನ್ನುತ್ತಿದ್ದಳು.
ಆಡಿದ್ದನ್ನು ವಾಪಸು ತರಲು ಒಂದು ನಮೂನೆ ಇದೆಯೆಂದು,
ಕಾರಣಕ್ಕೆ ಅದರಲ್ಲಿ ನೂರು ಪದದ ಜಾಗವೆಂದು
ಅವಳಿಗೆ ಗೊತ್ತಿರಲಿಲ್ಲ.

ಶ್ರೀಕಂಠಪ್ರಸಾದರು ಎರಡು ದಿನ ಫೋನೆತ್ತಲಿಲ್ಲ.
ಮೂರನೆಯ ದಿನ, "ಯಾರಿಗೆ ಗೊತ್ತಾಗುತ್ತಿತ್ತು?"
ಮೇಘಶ್ರೀಗೆ, ಅಂದೆ.

ಎಣಿಕೆಯ ತಪ್ಪು, ಕೃತಿಚೌರ್ಯ, ಕಟ್ಟಿದ ಅಂಕಿ:
ಗುರುತು ಹಾಕಲು ನಮೂನೆಯಲ್ಲಿ ಮೂರು ಚೌಕ.
ಮರುಕಕ್ಕೆ ಚೌಕವಿರಲಿಲ್ಲ.
"ಮಾದರಿಯಲ್ಲಿ ಹೊರಪದಾರ್ಥದ ಬೆರಕೆ" ಎಂದು ಬರೆದೆ.
ಹೊರಪದಾರ್ಥವಂತೆ!
ಇಪ್ಪತ್ತೆಂಟು ವರ್ಷ ಆ ಒಲೆಯ ಹೊಗೆ ಕುಡಿದವನ
ಎರಡು ಬೆರಳ ನಡುವಿನದು.

ಪ್ರಕಟಣೆ ಬಂತು, ನಾಲ್ಕು ಸಾಲು.
ಅದಾದ ಮೇಲೂ ಇಬ್ಬರು ನಮ್ಮನ್ನು ಉಲ್ಲೇಖಿಸಿದ್ದಾರೆ,
ಎಲ್ಲಿಯವರೋ, ಕೆಂಪು ಕಾಣದವರು.
ರೈತ ಸಂಪರ್ಕ ಕೇಂದ್ರದ ಗೋಡೆಯಲ್ಲಿ
ಬೆಂಡೆಕಾಯಿಯ ಚಿತ್ರ ಹಾಗೇ ಇದೆ,
ಒಂದು ಮೂಲೆ ಗೋಂದು ಬಿಟ್ಟಿದೆ.

ಬೀರುವಿನ ಹಿಂದಿನ ಸಾಲಿನಲ್ಲಿ ಸಿಕ್ಕಿತು
ಐದನೆಯ ಪಾಕದ ಅಚ್ಚು, ನನ್ನದೇ ಕೈಬರಹದ ಚೀಟಿ.
ಬಿರಡೆ ತೆಗೆದೆ. ಮೂಸಿದೆ.
ಹೊನ್ನು ಯಾವಾಗಲೋ ಇಳಿದುಹೋಗಿ
ಬೆಲ್ಲ ಕರ್ರಗಾಗಿತ್ತು,
ಯಾರನ್ನೂ ಕೇಳದೆ, ಯಾವ ನಮೂನೆಯನ್ನೂ ತುಂಬದೆ.

ಈ ಮಾಗಿಯಲ್ಲಿ ಮತ್ತೆ ಆರೂಕಾಲರ ಬಸ್ಸು,
ಪಕ್ಕದಲ್ಲಿ ಮೇಘಶ್ರೀ, ತೂಕಡಿಸುತ್ತ.
ಹೊಂಬಾಳಣ್ಣ ಎರಡೂ ಕೈ ಕಂಕುಳಿಗೆ ಸಿಕ್ಕಿಸಿ ನಿಂತಿದ್ದಾನೆ,
ಕೊಪ್ಪರಿಗೆಯಿಂದ ಮಾರು ದೂರ.
ಹೊಸ ಪುಸ್ತಕದ ಮೊದಲ ಪುಟ ಅವಳೇ ಬರೆಯುತ್ತಾಳೆ:
ಪಾಕ ನೋಡಿದವರು, ಹೊಂಬಾಳೇಗೌಡ.
ಬಣ್ಣ, ಕಪ್ಪು.